ಫೈಬರ್ ಲ್ಯಾಂಡ್‌ಲೈನ್: ಎಕ್ಸ್‌ಚೇಂಜಿನ ಕೊನೆಯ ತುಂಡು ನಿಮ್ಮ ಗೋಡೆಯ ಮೇಲೆ

ಹಳೆಯ ತಾಮ್ರದ ತಂತಿಯ ಫೋನು ಕರೆಂಟ್ ಹೋದಾಗಲೂ ಬದುಕಿರುತ್ತಿತ್ತು. ಮನೆಯಲ್ಲಿ ಕಂದೀಲು ಹಚ್ಚಿಕೊಂಡು ಕೂತಿದ್ದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುತ್ತಿತ್ತು. ಅದಕ್ಕೆ ಬೇಕಾದ 48 ವೋಲ್ಟ್ ಡಿಸಿ ಕರೆಂಟು ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಿಂದ ಅದೇ ತಂತಿಯಲ್ಲಿ ಹರಿದು ಬರುತ್ತಿತ್ತು. ಗಂಟೆ ಬಾರಿಸುವ ಹೆಚ್ಚಿನ ವೋಲ್ಟೇಜೂ ಅಲ್ಲಿಂದಲೇ. ಮನೆಯಲ್ಲಿ ಇದ್ದದ್ದು ಒಂದು ಸೆಟ್, ಅಷ್ಟೇ.

ಈಗ ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಗೆ ಹೊಸದಾಗಿ ಬರುವ ಲ್ಯಾಂಡ್‌ಲೈನ್ ಹೆಚ್ಚಾಗಿ ಫೈಬರ್ ಮೇಲೆ, ಅಂದರೆ ಗಾಜಿನ ಎಳೆಯ ಮೇಲೆ ಬರುತ್ತದೆ. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಹೀಗಾಗಿ ಡಯಲ್ ಟೋನ್ ಹುಟ್ಟಿಸುವುದು, ಗಂಟೆಗೆ ವೋಲ್ಟೇಜ್ ಕೊಡುವುದು, ನೀವು ಒತ್ತಿದ ನಂಬರ್ ಓದಿಕೊಳ್ಳುವುದು ಎಲ್ಲವೂ ಗೋಡೆಗೆ ಹೊಡೆದ ಆ ಸಣ್ಣ ಡಬ್ಬಿಯ ಕೆಲಸ. ಮನೆಯವರು ಅದನ್ನು ಮೋಡೆಮ್ ಅಥವಾ ರೂಟರ್ ಅನ್ನುತ್ತಾರೆ, ಕಂಪನಿಯವರು ಒಎನ್‌ಟಿ ಅನ್ನುತ್ತಾರೆ. ನಿಜಕ್ಕೂ ಅದು ಎಕ್ಸ್‌ಚೇಂಜಿನ ಕೊನೆಯ ತುಂಡು. ಅದು ಮನೆಗೆ ಬಂದಿದೆ ಎಂದ ಮೇಲೆ ಅದರ ಕರೆಂಟು, ಅದರ ತಂಪು, ಅದರ ತಂತಿ ಮೂರೂ ಮನೆಯವರ ಪಾಲಿಗೆ ಬಂದಿವೆ. ಫೈಬರ್ ಫೋನಿನ ಬಹುಪಾಲು ತಕರಾರು ಈ ಮೂರರಲ್ಲೇ ಇರುತ್ತದೆ.

ಮಾತು ಹೋಗುವ ದಾರಿ

ರಿಸೀವರ್ ಎತ್ತಿದಾಗ ಸೆಟ್‌ನೊಳಗಿನ ಸ್ವಿಚ್ ಕೂಡಿಕೊಂಡು ಎರಡು ತಂತಿಗಳಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ಅದನ್ನು ಕಂಡ ಡಬ್ಬಿ ಡಯಲ್ ಟೋನ್ ಕೇಳಿಸುತ್ತದೆ. ನೀವು ಒತ್ತುವ ಅಂಕಿಗಳನ್ನು ಒಂದೊಂದಾಗಿ ಕೂಡಿಟ್ಟುಕೊಂಡು, ನಂಬರ್ ಮುಗಿಯಿತು ಅನಿಸಿದ ಮೇಲೆ, 'ಈ ನಂಬರಿಗೆ ಕರೆ ಬೇಕು' ಎಂಬ ಸಂದೇಶವನ್ನು ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಈ ಸಂದೇಶಗಳ ಭಾಷೆಯ ಹೆಸರು ಸಿಪ್. ನಂಬರ್ ಒತ್ತಿ ಮುಗಿಸಿದ ಮೇಲೂ ನಾಲ್ಕೈದು ಸೆಕೆಂಡ್ ಏನೂ ಕೇಳಿಸದೆ ಆಮೇಲೆ ಗಂಟೆ ಹೋಗುತ್ತದಲ್ಲ, ಅದು ಲೈನಿನ ದೋಷವಲ್ಲ. ಇನ್ನೊಂದು ಅಂಕಿ ಬರಬಹುದೇ ಎಂದು ಡಬ್ಬಿ ಕಾಯುತ್ತಿರುತ್ತದೆ. ಕೊನೆಗೆ ಹ್ಯಾಶ್ ಗುಂಡಿ ಒತ್ತಿದರೆ ಬಹಳಷ್ಟು ಡಬ್ಬಿಗಳು ಕಾಯುವುದನ್ನು ಬಿಟ್ಟು ತಕ್ಷಣ ಕರೆ ಹಚ್ಚುತ್ತವೆ.

ಆ ಕಡೆ ಎತ್ತಿಕೊಂಡ ಮೇಲೆ ಮಾತು ಬೇರೆ ಹರಿವಾಗಿ ಹೋಗುತ್ತದೆ. ಡಬ್ಬಿ ನಿಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ. ಅಳತೆಯೊಂದಕ್ಕೆ 8 ಬಿಟ್, ಅಂದರೆ ಸೆಕೆಂಡಿಗೆ 64,000 ಬಿಟ್. ಇವನ್ನು 20 ಮಿಲಿಸೆಕೆಂಡಿಗೆ ಒಂದರಂತೆ ಪೊಟ್ಟಣ ಕಟ್ಟುತ್ತದೆ. ಹೀಗೆ ಸೆಕೆಂಡಿಗೆ 50 ಪೊಟ್ಟಣ. ಒಂದೊಂದರಲ್ಲೂ 160 ಬೈಟ್ ಮಾತು, ಅದರ ಮೇಲೆ 40 ಬೈಟ್ ವಿಳಾಸ ಮತ್ತು ಕ್ರಮಸಂಖ್ಯೆ. ಜಿ.711 ಎಂಬ ಹಳೆಯ, ನಂಬಿಕಸ್ಥ ಪದ್ಧತಿಯ ಲೆಕ್ಕ ಇದು. ಇದರ ಮೇಲೆ ಜಾಲ ಸುತ್ತುವ ಈಥರ್ನೆಟ್ ಹೊದಿಕೆಯೂ ಸೇರಿ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್. ಒಂದು ತಾಸು ಮಾತಾಡಿದರೆ ಹೋಗುವುದು ಬರುವುದು ಕೂಡಿ 80 ಎಂಬಿಯೊಳಗೆ ಮುಗಿಯುತ್ತದೆ. 30 ಎಂಬಿಪಿಎಸ್ ಪ್ಲಾನಿನಲ್ಲಿ ಇದು ಕ್ವಿಂಟಲ್ ಜೋಳದಲ್ಲಿ ಒಂದು ಬೊಗಸೆಯಷ್ಟು.

ಅದಕ್ಕೇ 'ಆವಾಜ್ ಕಟ್ ಆಗ್ಲಾಕತ್ತದ' ಅಂದವರಿಗೆ ದೊಡ್ಡ ಪ್ಲಾನ್ ಹಾಕಿಸಿಕೊಳ್ಳಲು ಹೇಳುವುದು ಹೆಚ್ಚಿನ ಸಲ ದಾರಿ ತಪ್ಪಿದ ಸಲಹೆ. ಮಾತಿಗೆ ಅಗಲವಾದ ರಸ್ತೆ ಬೇಡ, ವೇಳೆಗೆ ಸರಿಯಾಗಿ ಬರುವ ಬಸ್ಸು ಬೇಕು. ವಿಡಿಯೊ ತಡವಾದರೆ ಗಾಲಿ ಸುತ್ತಿಸಿ ಕಾಯಬಹುದು. ಮಾತು ಕಾಯುವುದಿಲ್ಲ, ತಡವಾಗಿ ಬಂದ ಪೊಟ್ಟಣವನ್ನು ಎಸೆಯಲೇಬೇಕು. ಬಾಯಿಯಿಂದ ಕಿವಿಗೆ ಮುಟ್ಟಲು 150 ಮಿಲಿಸೆಕೆಂಡ್ ಒಳಗೆ ಆದರೆ ಸಂಭಾಷಣೆ ಸಹಜವಾಗಿರುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಹೇಳುತ್ತದೆ. ಅದನ್ನು ದಾಟಿ ಬಹಳ ದೂರ ಹೋದರೆ ಇಬ್ಬರೂ ಒಟ್ಟಿಗೆ ಮಾತಾಡಲು ಹೋಗಿ ಇಬ್ಬರೂ ನಿಲ್ಲುತ್ತಾರೆ. ಪೊಟ್ಟಣಗಳ ನಡುವಿನ ಏರುಪೇರು 30 ಮಿಲಿಸೆಕೆಂಡ್ ಮೀರಿದರೆ, ಅಥವಾ ನೂರಕ್ಕೆ ಒಂದಕ್ಕಿಂತ ಹೆಚ್ಚು ಕಳೆದುಹೋದರೆ, ಮಾತು ಹರಿದ ಬಟ್ಟೆಯಂತೆ ಕೇಳಿಸತೊಡಗುತ್ತದೆ.

ಕಂಪನಿಯೇ ಕೊಟ್ಟ ಫೋನ್ ಸೌಲಭ್ಯದಲ್ಲಿ ಮಾತಿಗೆ ಸಾಮಾನ್ಯವಾಗಿ ಪ್ರತ್ಯೇಕ ಓಣಿ ಇರುತ್ತದೆ. ಅದೇ ಗಾಜಿನ ಎಳೆಯಲ್ಲೇ, ಆದರೆ ಇಂಟರ್‌ನೆಟ್ಟಿನಿಂದ ಬೇರೆಯಾಗಿ, ಮೊದಲ ಆದ್ಯತೆಯಲ್ಲಿ ಹೋಗುತ್ತದೆ. ಇಂಟರ್‌ನೆಟ್ ಚೆನ್ನಾಗಿದ್ದು ಫೋನ್ ಸತ್ತಿರುವುದು, ಫೋನ್ ನಡೆಯುತ್ತಿದ್ದು ಇಂಟರ್‌ನೆಟ್ ಬಂದ್ ಆಗಿರುವುದು ಎರಡೂ ಆಗುವುದು ಇದರಿಂದಲೇ. ವಾಟ್ಸಾಪ್ ಕರೆಗೆ ಈ ಓಣಿ ಸಿಗುವುದಿಲ್ಲ. ಮನೆಯವರೆಲ್ಲರ ವಿಡಿಯೊ, ಡೌನ್‌ಲೋಡ್‌ಗಳ ಗದ್ದಲದಲ್ಲೇ ಅದು ನುಗ್ಗಿ ಹೋಗಬೇಕು.

ಡಬ್ಬಿಯ ಹಿಂಬದಿ

ಡಬ್ಬಿಯನ್ನು ತಿರುಗಿಸಿ ನೋಡಿ. ಸಾಲಾಗಿ ದೊಡ್ಡ ಚೌಕ ತೂತುಗಳಿದ್ದರೆ ಅವು ಲ್ಯಾನ್, ಅಂದರೆ ಕಂಪ್ಯೂಟರಿನ ತಾಮ್ರದ ತಂತಿ ಹಾಕುವವು. ಅವುಗಳಿಗಿಂತ ಕಿರಿದಾದ ಒಂದು ತೂತಿನ ಮೇಲೆ ಟೆಲ್, ಫೋನ್ ಅಥವಾ ಪಾಟ್ಸ್ ಎಂದು ಬರೆದಿರುತ್ತದೆ, ಕೆಲವದರಲ್ಲಿ ಫೋನಿನ ಚಿತ್ರವಷ್ಟೇ. ಸೆಟ್‌ನ ಆರ್‌ಜೆ11 ಪಿನ್ ಹೋಗಬೇಕಾದ್ದು ಇಲ್ಲಿಗೆ. ಮೋಸ ಎಲ್ಲಿದೆ ಅಂದರೆ, ಅದೇ ಪಿನ್ ಲ್ಯಾನ್ ತೂತಿನಲ್ಲೂ ಕೂತುಕೊಳ್ಳುತ್ತದೆ, ಟಕ್ ಎಂದು ಸದ್ದೂ ಮಾಡುತ್ತದೆ. ಫೋನ್ ಮಾತ್ರ ಬರುವುದಿಲ್ಲ, ಜೊತೆಗೆ ಲ್ಯಾನ್ ತೂತಿನ ಅಂಚಿನ ತಂತಿಗಳು ಬಾಗಿ ಆ ಪೋರ್ಟೇ ಕೆಡಬಹುದು. ಮನೆ ಗುಡಿಸಿ ಒರೆಸಿದ ಮರುದಿನ ಫೋನ್ ಸತ್ತಿದೆ ಅಂದರೆ ಮೊದಲು ಈ ಪಿನ್ ನೋಡಿ.

ಹಳೆಯ ಗುಂಡಿಯ ಸೆಟ್ ಇದ್ದರೆ ಅದನ್ನೇ ಬಳಸಬಹುದು. ಬೆರಳು ಹಾಕಿ ತಿರುಗಿಸುವ ಚಕ್ರದ ಫೋನನ್ನು ಬಹಳ ಡಬ್ಬಿಗಳು ಅರ್ಥ ಮಾಡಿಕೊಳ್ಳುವುದಿಲ್ಲ: ಕರೆ ಬಂದರೆ ಮಾತಾಡಬಹುದು, ಕರೆ ಹಚ್ಚಲಾಗುವುದಿಲ್ಲ. ಗುಂಡಿಯ ಸೆಟ್‌ನ ಅಡಿಯಲ್ಲಿ ಪಲ್ಸ್ ಮತ್ತು ಟೋನ್ ಎಂಬ ಸಣ್ಣ ಸ್ವಿಚ್ ಇದ್ದರೆ ಅದು ಟೋನ್ ಕಡೆ ಇರಬೇಕು. ಕಾರ್ಡ್‌ಲೆಸ್ ಸೆಟ್‌ಗೆ ತನ್ನದೇ ಅಡಾಪ್ಟರ್ ಇರುತ್ತದೆ, ಕರೆಂಟ್ ಹೋದಾಗ ಡಬ್ಬಿ ಬದುಕಿದ್ದರೂ ಅದು ಸಾಯುತ್ತದೆ. ತಂತಿಯ ಅಗ್ಗದ ಸೆಟ್ ಒಂದನ್ನು ಕಪಾಟಿನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು. ತಕರಾರು ಹುಡುಕಲಿಕ್ಕೂ ಅದೇ ಬೇಕಾಗುತ್ತದೆ.

ಪಡಸಾಲೆ, ಅಡುಗೆಮನೆ, ಮಾಳಿಗೆ ಎಂದು ಹಿಂದೆ ಎಳೆಸಿದ ಒಳಗಿನ ವೈರಿಂಗ್ ಗಟ್ಟಿಯಿದ್ದರೆ ಅದನ್ನೂ ಉಪಯೋಗಿಸಿಕೊಳ್ಳಬಹುದು. ಡಬ್ಬಿಯ ಫೋನ್ ಪೋರ್ಟಿನಿಂದ ಒಂದು ತಂತಿ ತಂದು ಹತ್ತಿರದ ಫೋನ್ ಸಾಕೆಟ್ಟಿಗೆ ಕೊಟ್ಟರೆ ಎಲ್ಲ ಕೋಣೆಯಲ್ಲೂ ಟೋನ್ ಬರುತ್ತದೆ. ಆದರೆ ಅದಕ್ಕೆ ಮುಂಚೆ ಹೊರಗೋಡೆಯ ಹಳೆಯ ಜಂಕ್ಷನ್ ಬಾಕ್ಸಿನಲ್ಲಿ ಕಂಬದಿಂದ ಬರುವ ಜೋಡಿಯನ್ನು ಬಿಚ್ಚಿ ಪ್ರತ್ಯೇಕ ಮಾಡಲೇಬೇಕು. ಆ ತಂತಿಯಲ್ಲಿ ಇನ್ನೂ ಎಕ್ಸ್‌ಚೇಂಜಿನ 48 ವೋಲ್ಟ್ ಉಳಿದಿದ್ದರೆ ಅದು ಡಬ್ಬಿಯ ಫೋನ್ ಪೋರ್ಟನ್ನು ಸುಡಬಹುದು. ಹಳೆಯ ಕಂಬದ ತಂತಿ ಸಿಡಿಲನ್ನೂ ಒಳಗೆ ತರುತ್ತದೆ. ಇನ್ನೊಂದು ಮಿತಿ ಗಂಟೆಯದು. ಎಕ್ಸ್‌ಚೇಂಜು ನಾಲ್ಕೈದು ಸೆಟ್‌ಗಳನ್ನು ಒಟ್ಟಿಗೆ ಬಾರಿಸುತ್ತಿತ್ತು. ಈ ಡಬ್ಬಿಗೆ ಅಷ್ಟು ಶಕ್ತಿಯಿಲ್ಲ. ಲೋಹದ ಗಂಟೆಯಿರುವ ಎರಡು ಮೂರು ಹಳೆಯ ಸೆಟ್ ಜೋಡಿಸಿದರೆ ಮಾತು ಬರುತ್ತದೆ, ಗಂಟೆ ಕ್ಷೀಣವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಒಂದೊಂದಾಗಿ ಬಿಚ್ಚಿ ನೋಡಿದರೆ ತಪ್ಪಿತಸ್ಥ ಸೆಟ್ ಸಿಕ್ಕುತ್ತದೆ.

ಫ್ಯಾಕ್ಸ್ ಬಗ್ಗೆ ಒಂದೇ ಮಾತು: ನಂಬಬೇಡಿ.

ಕರೆಂಟು ಮತ್ತು ಬಿಸಿಲು

ಡಬ್ಬಿಯ ಅಡಾಪ್ಟರ್ ಮೇಲೆ ಸಾಮಾನ್ಯವಾಗಿ 12 ವೋಲ್ಟ್, 1 ಅಥವಾ 1.5 ಅಥವಾ 2 ಆಂಪಿಯರ್ ಎಂದು ಬರೆದಿರುತ್ತದೆ. ಅದು ಗರಿಷ್ಠ ಸಾಮರ್ಥ್ಯ. ದಿನದ ಬಳಕೆಯಲ್ಲಿ ಡಬ್ಬಿ ತಿನ್ನುವುದು 6ರಿಂದ 12 ವಾಟ್. ಜೆಸ್ಕಾಂ ಕರೆಂಟ್ ತೆಗೆದಾಗ ಇದಕ್ಕೆ ಎರಡು ದಾರಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಡಬ್ಬಿಯ ಸಾಕೆಟ್ ಅದರ ಲೈನಿನಲ್ಲಿದೆಯೇ ನೋಡಿಕೊಳ್ಳಿ. ಫ್ಯಾನು ಲೈಟಿಗೆ ಮಾತ್ರ ಇನ್ವರ್ಟರ್ ಕೊಟ್ಟು, ಟಿವಿ ಹತ್ತಿರದ ಬೋರ್ಡು ಹೊರಗುಳಿದಿರುವುದು ಮಾಮೂಲು. 150 ಆಂಪಿಯರ್-ಅವರ್ ಬ್ಯಾಟರಿಗೆ 10 ವಾಟ್ ಹೊರೆಯೇ ಅಲ್ಲ. ತೊಂದರೆ ಬರುವುದು ಬದಲಾವಣೆಯ ಕ್ಷಣದಲ್ಲಿ. ಸಾಮಾನ್ಯ ಮೋಡಿನಲ್ಲಿ ಇನ್ವರ್ಟರ್ ಹೊರಳಿಕೊಳ್ಳಲು ಹತ್ತಾರು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕೆಲವು ಡಬ್ಬಿಗಳು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಆಮೇಲೆ ಬೆಳಕು ಹಿಡಿದು, ಸರ್ವರ್‌ನಲ್ಲಿ ಹೆಸರು ನೋಂದಾಯಿಸಿಕೊಂಡು ಫೋನ್ ತಯಾರಾಗಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿ, ಈ ಕಾಟ ಬಹುತೇಕ ನಿಲ್ಲುತ್ತದೆ.

ಇನ್ವರ್ಟರ್ ಇಲ್ಲದಿದ್ದರೆ ರೂಟರ್‌ಗೆಂದೇ ಮಾರುವ ಮಿನಿ ಯುಪಿಎಸ್ ತರಬಹುದು. ತರುವ ಮುಂಚೆ ಡಬ್ಬಿಯ ವೋಲ್ಟೇಜ್ ಓದಿಕೊಳ್ಳಿ. 12 ವೋಲ್ಟಿನ ಡಬ್ಬಿಗೆ 9 ವೋಲ್ಟ್ ಕೊಟ್ಟರೆ ಲೈಟ್ ಹತ್ತಿ, ವೈ-ಫೈ ಬಂದು, ಗಂಟೆ ಬಾರಿಸುವ ಹೊತ್ತಿಗೆ ಕುಸಿದು ಬೀಳಬಹುದು. 24 ವೋಲ್ಟ್ ಕೊಟ್ಟರೆ ಡಬ್ಬಿ ಮುಗಿಯಿತು. ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕವನ್ನು ಅಂಗಡಿಯವರ ಬಾಯಿಗೆ ಬಿಡಬೇಡಿ. ಒಳಗೆ 2600 ಎಂಎಎಚ್‌ನ ಮೂರು ಲಿಥಿಯಂ ಸೆಲ್ ಸಾಲಾಗಿ ಇದ್ದರೆ 11.1 ವೋಲ್ಟ್ ಗುಣಿಸು 2.6, ಅಂದರೆ ಸುಮಾರು 29 ವಾಟ್-ಅವರ್. ನಷ್ಟ ಕಳೆದರೆ 24, 25. ಡಬ್ಬಿ 8 ವಾಟ್ ತಿಂದರೆ ಮೂರು ತಾಸು. ಅದೂ ಸೆಲ್ ಹೊಸದಿದ್ದಾಗ. ನಮ್ಮ ಕಡೆಯ ಬೇಸಿಗೆಗೆ ಲಿಥಿಯಂ ಸೆಲ್ ಜಲ್ದಿ ಸೊರಗುತ್ತದೆ, ಒಂದೆರಡು ವರ್ಷದ ಮೇಲೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕರೆಂಟ್ ಹೋದಾಗ ಫೋನ್ ಹೋಗುವುದಾದರೆ ದೋಷ ಮನೆಯ ಹೊರಗಿದೆ. ದೊಡ್ಡ ಕಂಪನಿಗಳ ಫೈಬರ್ ಜಾಲದಲ್ಲಿ ಕಂಬದ ಮೇಲಿನ ಡಬ್ಬಿ ಬೆಳಕನ್ನು ಹಂಚುವ ಗಾಜಿನ ಕವಲು ಮಾತ್ರ, ಅದಕ್ಕೆ ಕರೆಂಟ್ ಬೇಡ. ಕೆಲವು ಓಣಿಗಳಲ್ಲಿ ಕೇಬಲ್‌ನವರು ಕಂಬದ ಡಬ್ಬಿಯಲ್ಲಿ ಕರೆಂಟಿನಿಂದ ನಡೆಯುವ ಸ್ವಿಚ್ ಇಟ್ಟು, ಅಲ್ಲಿಂದ ಲ್ಯಾನ್ ತಂತಿ ಎಳೆದಿರುತ್ತಾರೆ. ಓಣಿಯ ಕರೆಂಟ್ ಹೋದರೆ ಆ ಸ್ವಿಚ್ ಸಾಯುತ್ತದೆ. ಹೊಸದಾಗಿ ಹಾಕಿಸುವವರು ಬೆಲೆ ಕೇಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು: ಮನೆಯೊಳಗೆ ಬರುವುದು ಗಾಜೋ, ಲ್ಯಾನ್ ತಂತಿಯೋ?

ಬಿಸಿಲಿನ ಮಾತು ಪ್ರತ್ಯೇಕವಾಗಿ ಹೇಳಬೇಕು. ಇಂಥ ಬಹಳಷ್ಟು ಡಬ್ಬಿಗಳನ್ನು 40 ಡಿಗ್ರಿವರೆಗಿನ ತಾಪಕ್ಕೆ ಎಂದು ಮಾಡಿರುತ್ತಾರೆ. ಕಲಬುರಗಿಯ ಮೇ ತಿಂಗಳಲ್ಲಿ ನೆರಳಿನಲ್ಲೇ ಅದು ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ, ಮುಚ್ಚಿದ ಕಪಾಟಿನಲ್ಲಿ, ಸೆಟ್‌ಟಾಪ್ ಬಾಕ್ಸಿನ ನೆತ್ತಿಯ ಮೇಲೆ ಇಟ್ಟರೆ ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ ಕಾಣುವ ರೋಗಗಳು ಶುರು: ಡಬ್ಬಿ ತಾನೇ ಆರಿ ಹೊತ್ತುವುದು, ವೈ-ಫೈ ಬಿಟ್ಟುಹೋಗುವುದು, ಮಾತಿನ ನಡುವೆ ಕರೆ ಕಡಿಯುವುದು. ಧೂಳು ಬೀಳಬಾರದೆಂದು ಹೆಣಿಗೆಯ ಬಟ್ಟೆ ಹೊದಿಸುವುದು ಟಿವಿ ಕಾಲದ ಪ್ರೀತಿ. ಡಬ್ಬಿಗೆ ಅದು ಕಂಬಳಿ. ತಂಪಾದ ಒಳಗೋಡೆಯ ಮೇಲೆ ಎದೆಮಟ್ಟದಲ್ಲಿ, ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು, ಗಾಳಿಯ ಸೀಳುಗಳು ತೆರೆದಿರುವಂತೆ ಹೊಡೆಸಿ.

ಗಾಜಿನ ಎಳೆ

ಮನೆಯೊಳಗೆ ಬರುವ ತೆಳು ಕೇಬಲ್ಲಿನ ತುದಿಯಲ್ಲಿ ಸಾಮಾನ್ಯವಾಗಿ ಹಸಿರು ಕನೆಕ್ಟರ್ ಇರುತ್ತದೆ. ಅದನ್ನು ಸುಮ್ಮನೆ ಬಿಚ್ಚಿ ಹಾಕಬೇಡಿ. ಗಾಜಿನ ತುದಿಯಲ್ಲಿ ಬೆಳಕು ಹೋಗುವ ತಿರುಳು ಕೂದಲಿಗಿಂತಲೂ ತೀರ ತೆಳು, ಒಂದು ಕಣ ಧೂಳು ಅದನ್ನು ಮುಚ್ಚಬಲ್ಲದು. ತುದಿಯನ್ನು ಕಣ್ಣಿಗೆ ಹಿಡಿದು ನೋಡಲೂ ಬಾರದು. ಒಳಗೆ ಬರುವ ಬೆಳಕು 1490 ನ್ಯಾನೊಮೀಟರಿನದು, ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೂ ಅದು ಲೇಸರ್.

ಎಳೆಯ ಶತ್ರು ಮಡಿಕೆ. ಶಹಾಬಾದ್ ಕಲ್ಲಿನ ಚೌಕಟ್ಟಿನ ಚೂಪಾದ ಮೂಲೆಯಲ್ಲಿ ಮಡಚಿ ಮೊಳೆ ಹೊಡೆದರೆ, ಬಾಗಿಲ ಸಂದಿಯಲ್ಲಿ ಎಳೆದು ದಿನಾ ಬಾಗಿಲು ಹಾಕಿದರೆ, ಎಳೆ ತುಂಡಾಗದಿದ್ದರೂ ಬೆಳಕು ಸೋರುತ್ತದೆ. ಮೂಲೆಯಲ್ಲಿ ಕನಿಷ್ಠ ಮೂರು ಸೆಂಟಿಮೀಟರ್ ತ್ರಿಜ್ಯದ ಗುಂಡು ತಿರುವು ಇರಲಿ. ಉಳಿದ ಕೇಬಲ್ಲನ್ನು ಅಂಗೈ ಅಗಲದ ಸುರುಳಿ ಮಾಡಿ ಕಟ್ಟಿಸಿ. ಹೊರಗೆ ಇಲಿ, ಅಳಿಲು, ಮಂಗ, ಎತ್ತರದ ಲೋಡಿನ ಕಬ್ಬಿನ ಗಾಡಿ, ರಸ್ತೆ ಅಗೆಯುವ ಜೆಸಿಬಿ ಇವೆ. ಅವಕ್ಕೆ ನಾವು ಮಾಡುವಂಥದ್ದು ಏನೂ ಇಲ್ಲ.

ಬೆಳಕು ಎಷ್ಟು ಬರುತ್ತಿದೆ ಎಂದು ಮನೆಯಲ್ಲೇ ಓದಬಹುದು. ಡಬ್ಬಿಯ ವೈ-ಫೈಗೆ ಸೇರಿ ಬ್ರೌಸರಿನಲ್ಲಿ 192.168.1.1 ಹೊಡೆಯಿರಿ (ಬೇರೆ ಇದ್ದರೆ ಡಬ್ಬಿಯ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ). ಅಲ್ಲಿಯ ಪಾಸ್‌ವರ್ಡ್ ಹಾಕಿ, ಸ್ಟೇಟಸ್ ಪುಟದಲ್ಲಿ ಆರ್‌ಎಕ್ಸ್ ಪವರ್ ನೋಡಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಇದ್ದರೆ ಚಿಂತೆಯಿಲ್ಲ. ಮೈನಸ್ 27ರ ಆಸುಪಾಸಿಗೆ ಬಂದರೆ ಡಬ್ಬಿಗೆ ಬೆಳಕು ಕಾಣುವ ಮಿತಿ ಮುಟ್ಟಿದಂತೆ. ಪ್ರತಿ 3 ಡಿಬಿಗೆ ಬೆಳಕು ಅರ್ಧವಾಗುತ್ತದೆ, ಹೀಗಾಗಿ 21 ಇದ್ದದ್ದು 27 ಆಯಿತು ಅಂದರೆ ಕಾಲು ಪಾಲು ಮಾತ್ರ ಉಳಿಯಿತು ಎಂದರ್ಥ. ಲೈನ್ ಹಾಕಿಸಿದ ದಿನವೇ ಈ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಮುಂದೆ ಹೋಲಿಸಲು ಬೇರೆ ಆಧಾರ ಸಿಗುವುದಿಲ್ಲ.

ಮೊಬೈಲಿನಲ್ಲೇ ಲ್ಯಾಂಡ್‌ಲೈನ್, ಮತ್ತು ವೈ-ಫೈ ಕಾಲಿಂಗ್

ಇವೆರಡನ್ನು ಜನ ಕಲಸಿಬಿಡುತ್ತಾರೆ. ಲ್ಯಾಂಡ್‌ಲೈನ್ ಕಂಪನಿಯ ಆ್ಯಪ್ ಹಾಕಿಕೊಂಡರೆ ನಿಮ್ಮ ಮೊಬೈಲು ಮನೆ ಫೋನಿನ ಇನ್ನೊಂದು ಸೆಟ್ ಆಗುತ್ತದೆ, ಆ ಕಡೆಯವರಿಗೆ ಕಾಣುವುದು ಲ್ಯಾಂಡ್‌ಲೈನ್ ನಂಬರ್. ವೈ-ಫೈ ಕಾಲಿಂಗ್‌ಗೆ ಆ್ಯಪ್ ಬೇಡ. ಸಿಮ್‌ನ ಸೆಟ್ಟಿಂಗಿನಲ್ಲಿ ಒಂದು ಗುಂಡಿ, ಅಷ್ಟೇ. ನಿಮ್ಮ ಮೊಬೈಲ್ ನಂಬರೇ ಟವರ್ ಬದಲು ಮನೆಯ ವೈ-ಫೈ ಮೂಲಕ ಹೋಗುತ್ತದೆ. ಭಾರತದಲ್ಲಿ ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರುಮಾಡಿದವು. ಬೀದರ್‌ನ ಜಂಬಿಟ್ಟಿಗೆ ಗೋಡೆಯ ಹಳೆಯ ಮನೆಗಳ ನಡುಮನೆಯಲ್ಲಿ ಟವರ್ ಕಡ್ಡಿ ಒಂದೂ ಬರದವರಿಗೆ ಇದು ದೊಡ್ಡ ಅನುಕೂಲ.

ಆದರೆ ಅದೇ ದಪ್ಪ ಗೋಡೆ ವೈ-ಫೈಯನ್ನೂ ತಡೆಯುತ್ತದೆ. 5 ಗಿಗಾಹರ್ಟ್ಸ್ ವೇಗವಾದದ್ದು, ಗೋಡೆ ದಾಟುವುದರಲ್ಲಿ ಬಡವ. 2.4 ನಿಧಾನ, ಆದರೆ ಹೆಚ್ಚು ಒಳಗೆ ಹೋಗುತ್ತದೆ, ಮಾತಿಗೆ ಅದು ಧಾರಾಳ ಸಾಕು. ಡಬ್ಬಿ ಮುಂಬಾಗಿಲ ಹತ್ತಿರವಿದ್ದು ಮಾತಾಡುವವರು ಅಡುಗೆಮನೆಯಲ್ಲಿದ್ದರೆ, ನಡುವೆ ಒಂದು ಲ್ಯಾನ್ ತಂತಿ ಎಳೆದು ಎರಡನೇ ವೈ-ಫೈ ಡಬ್ಬಿ ಇಡುವುದೇ ಗಟ್ಟಿ ಪರಿಹಾರ.

ಸಂಜೆ ಮಾತ್ರ ಧ್ವನಿ ಒಡೆಯುತ್ತದೆ ಅಂದರೆ ಅಪ್‌ಲೋಡ್ ನೋಡಿ. ಯಾರದೋ ಮೊಬೈಲು ಮದುವೆಯ ವಿಡಿಯೊಗಳನ್ನು ಬ್ಯಾಕಪ್ ಮಾಡುತ್ತಿದ್ದರೆ ಹೊರಹೋಗುವ ದಾರಿ ತುಂಬಿ, ಮಾತಿನ ಪೊಟ್ಟಣಗಳು ಡಬ್ಬಿಯ ಬಾಗಿಲಲ್ಲೇ ಸಾಲು ನಿಲ್ಲುತ್ತವೆ. ಆಗ ನಿಮಗೆ ಅವರ ಮಾತು ನಿಚ್ಚಳ, ಅವರಿಗೆ ನಿಮ್ಮದು ಚೂರುಚೂರು. ಬ್ಯಾಕಪ್ಪನ್ನು ರಾತ್ರಿಗೆ ಹಾಕಿ.

ತಕರಾರು ಬಂದಾಗ

ಲೈಟುಗಳನ್ನು ಕ್ರಮವಾಗಿ ಓದಿ. ಪವರ್ ಇಲ್ಲದಿದ್ದರೆ ಅಡಾಪ್ಟರ್. ಲಾಸ್ ಎಂಬುದು ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ಎಳೆ ಎಲ್ಲೋ ಕಡಿದಿದೆ, ಲೈನ್‌ಮನ್ ಬರಲೇಬೇಕು. ಪಾನ್ ಎಂಬುದು ಕಂಪನಿಯ ಫೈಬರ್ ಜಾಲಕ್ಕೆ ಡಬ್ಬಿ ಸೇರಿದೆ ಎಂದು ತೋರಿಸುವ ಲೈಟು, ಅದು ನಿಂತಂತೆ ಉರಿಯದೆ ಮಿಣುಕುತ್ತಿದ್ದರೆ ಬೆಳಕು ದುರ್ಬಲ ಅಥವಾ ಕಂಪನಿ ಕಡೆ ಡಬ್ಬಿಯ ನೋಂದಣಿ ಆಗಿಲ್ಲ. ಪಾನ್ ಸರಿಯಿದ್ದು, ಇಂಟರ್‌ನೆಟ್ ನಡೆದು, ಟೆಲ್ ಲೈಟ್ ಮಾತ್ರ ಆರಿದ್ದರೆ ಫೋನ್ ಸರ್ವರ್‌ನಲ್ಲಿ ನೋಂದಾಯಿತವಾಗಿಲ್ಲ. ಮನೆಯಲ್ಲಿ ತಂತಿ ಎಳೆದಾಡಿ ಪ್ರಯೋಜನವಿಲ್ಲ, ಕಂಪನಿಯವರೇ ಕೂತಲ್ಲಿಂದ ಸರಿಮಾಡಬೇಕು. ಟೆಲ್ ಉರಿಯುತ್ತಿದ್ದೂ ಟೋನ್ ಇಲ್ಲದಿದ್ದರೆ ದೋಷ ನಿಮ್ಮ ಸೆಟ್ ಅಥವಾ ವೈರಿಂಗಿನದು: ಎಲ್ಲ ಬಿಚ್ಚಿ, ಕಪಾಟಿನ ಆ ಅಗ್ಗದ ಸೆಟ್ಟನ್ನು ನೇರವಾಗಿ ಡಬ್ಬಿಗೆ ಹಾಕಿ ನೋಡಿ.

ಮಾತಾಡುವಾಗ ನಿಮ್ಮ ಧ್ವನಿ ನಿಮಗೇ ಮರಳಿ ಕೇಳಿದರೆ ನಿಮ್ಮ ಸೆಟ್ ಬೈಯಬೇಡಿ. ಪ್ರತಿಧ್ವನಿ ಹುಟ್ಟುವುದು ಆ ಕಡೆಯ ಫೋನಿನಲ್ಲಿ, ಅಲ್ಲಿಯ ಸ್ಪೀಕರಿನಿಂದ ಮೈಕಿಗೆ ಸೋರಿ ಹಿಂದಿರುಗುತ್ತದೆ. ಅವರು ಸ್ಪೀಕರ್ ಬಂದ್ ಮಾಡಿದರೆ ನಿಲ್ಲುತ್ತದೆ. ಒಂದೇ ಕಡೆ ಮಾತು ಕೇಳುವ ರೋಗ ಹೆಚ್ಚಾಗಿ ಸ್ವಂತ ರೂಟರ್ ಹಿಂದೆ ಐಪಿ ಫೋನ್ (ಇಂಟರ್‌ನೆಟ್ ಮೇಲೆಯೇ ನಡೆಯುವ ಸೆಟ್) ಜೋಡಿಸಿಕೊಂಡವರದು. ರೂಟರಿನ ಸೆಟ್ಟಿಂಗಿನಲ್ಲಿ ಸಿಪ್ ಎಎಲ್‌ಜಿ ಎಂಬುದನ್ನು ತೆಗೆದುಬಿಟ್ಟರೆ ಅನೇಕ ಸಲ ಅಲ್ಲಿಗೆ ಗುಣ. ಸಹಾಯಕ್ಕೆ ಬರಬೇಕಾದ ಆ ಸೌಲಭ್ಯ ವಿಳಾಸಗಳನ್ನು ತಿದ್ದಲು ಹೋಗಿ ಕೆಡಿಸುವುದೇ ಹೆಚ್ಚು.

ಹೊರಗೆ ಕರೆ ಹೋಗುವುದೇ ಇಲ್ಲ ಅನ್ನುವವರಲ್ಲಿ ಕೆಲವರು ಸೊನ್ನೆ ಮರೆತಿರುತ್ತಾರೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡಿದರೂ ಮುಂದೆ 0 ಒತ್ತಲೇಬೇಕು. ಲ್ಯಾಂಡ್‌ಲೈನ್‌ಗಳಿಗೆ ಎಸ್‌ಟಿಡಿ ಕೋಡ್ ಹಳೆಯದೇ: ಕಲಬುರಗಿಗೆ 08472, ಯಾದಗಿರಿಗೆ 08473, ಬೀದರ್‌ಗೆ 08482.

ಡಬ್ಬಿಯನ್ನು ಆರಿಸಿ ಒಂದು ನಿಮಿಷ ಬಿಟ್ಟು ಹಚ್ಚುವುದಕ್ಕೆ ಅಡ್ಡಿಯಿಲ್ಲ. ಸೂಜಿ ಚುಚ್ಚುವ ರೀಸೆಟ್ ತೂತಿಗೆ ಮಾತ್ರ ಕೈ ಹಾಕಬೇಡಿ. ಅದು ಮತ್ತೆ ಹೊತ್ತಿಸುವುದಿಲ್ಲ, ಅಳಿಸುತ್ತದೆ. ನಿಮ್ಮ ಫೋನ್ ನಂಬರಿನ ಗುರುತು, ಮಾತಿನ ಓಣಿಯ ಸೆಟ್ಟಿಂಗ್ ಎಲ್ಲ ಹೋಗಿ, ಕಂಪನಿಯವರು ಮತ್ತೆ ತುಂಬುವವರೆಗೆ ಫೋನ್ ಮೂಕ.

ತುರ್ತಿಗೆ 112 ಒತ್ತಿದಾಗ ಒಂದು ಎಚ್ಚರ. ಲ್ಯಾಂಡ್‌ಲೈನ್ ನಂಬರಿನ ಜೊತೆ ದಾಖಲೆಯಲ್ಲಿರುವುದು ಲೈನ್ ಹಾಕಿಸಿದ ಮನೆಯ ವಿಳಾಸ. ಆ್ಯಪ್ ಇರುವ ಮೊಬೈಲ್ ಹಿಡಿದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿರುವವರು ಲ್ಯಾಂಡ್‌ಲೈನ್ ಆ್ಯಪ್ ಬಿಟ್ಟು ಸಿಮ್ಮಿನಿಂದಲೇ ಕರೆಮಾಡಬೇಕು, ಮೊದಲ ಮಾತಿಗೇ ಎಲ್ಲಿದ್ದೇವೆಂದು ಹೇಳಬೇಕು. ವಾಟ್ಸಾಪ್‌ನಿಂದ 112ಕ್ಕೆ ಕರೆಯೇ ಹೋಗುವುದಿಲ್ಲ.

ದೂರು ಕೊಡುವಾಗ 'ಫೋನ್ ಬರ್ಲಾಕತ್ತಿಲ್ರಿ' ಅಂದರೆ ಅವರು ಮೊದಲಿನಿಂದ ಶುರುಮಾಡುತ್ತಾರೆ. ಯಾವ ಲೈಟ್ ಉರಿಯುತ್ತಿದೆ, ಯಾವುದು ಆರಿದೆ, ಆರ್‌ಎಕ್ಸ್ ಪವರ್ ಎಷ್ಟು, ಇನ್ನೊಂದು ಸೆಟ್ ಹಾಕಿ ನೋಡಿದಿರಾ, ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ, ದೂರಿನ ಡಾಕೆಟ್ ನಂಬರ್ ಬರೆದುಕೊಳ್ಳಿ. ಕಂಪನಿ ಬದಲಿಸುವ ಮನಸ್ಸಾದರೆ ಒಂದು ಗೊತ್ತಿರಲಿ: ಮೊಬೈಲ್‌ನಂತೆ ಲ್ಯಾಂಡ್‌ಲೈನ್ ನಂಬರನ್ನು ಇನ್ನೊಂದು ಕಂಪನಿಗೆ ಒಯ್ಯಲು ಬರುವುದಿಲ್ಲ. ಬ್ಯಾಂಕು, ಗ್ಯಾಸು, ಬಂಧುಗಳಿಗೆ ಹೊಸ ನಂಬರ್ ತಿಳಿಸಿ, ಒಂದು ತಿಂಗಳು ಎರಡೂ ಲೈನ್ ಇಟ್ಟುಕೊಂಡು, ಆಮೇಲೆ ಹಳೆಯದನ್ನು ತೆಗೆಸಿ. ಡಬ್ಬಿ ಕಂಪನಿಯದಾಗಿದ್ದರೆ ಅಡಾಪ್ಟರ್ ಸಮೇತ ವಾಪಸ್ ಕೊಟ್ಟು ರಸೀದಿ ತೆಗೆದುಕೊಳ್ಳಿ.